ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಗಾಡಿ ನಿಂತಿತ್ತು

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಸೋಮಾರಿತನ ಅಂತ ಬೈಯಬೇಡಿ, ಕೆಲಸವೂ ಇತ್ತು :-) ಕಳೆದ ತಿಂಗಳು ಆಫೀಸಿನಲ್ಲಿ ನನ್ನಿಂದಲೇ ಒಂದು ಎಡವಟ್ಟಾಯಿತು. ಅದಾದ ಮೇಲೆ ಯಾಕೋ ನಿದ್ದೆ ಬರದೆ, ರಾತ್ರಿ ಕೂತು ಹೆಲಿಕಾಪ್ಟರ್ ಅಪಘಾತಗಳ ತನಿಖಾ ವರದಿಗಳನ್ನು ಓದತೊಡಗಿದೆ. ಅದರಲ್ಲೂ ಇಂಧನ ಮುಗಿದು, ಅಥವಾ ಇಂಧನ ಇದ್ದೂ ಇಂಜಿನ್ನಿಗೆ ತಲುಪದೆ, ಬಿದ್ದ ಹೆಲಿಕಾಪ್ಟರುಗಳ ವರದಿಗಳು. ಕೋಡ್ ಬರೆಯೋನಿಗೂ ಹೆಲಿಕಾಪ್ಟರಿಗೂ ಎಂತ ಸಂಬಂಧ ಅಂತ ಕೇಳ್ತೀರಾ? ಹೇಳ್ತೀನಿ. ಮೊದಲು ಒಂದು ಬೈಕಿನ ಕತೆ.

ನಾನಾಗ ಇಂಜಿನಿಯರಿಂಗ್ ಮೊದಲ ವರ್ಷ. ರಜೆಗೆ ಊರಿಗೆ ಬಂದಿದ್ದೆ. ಅಪ್ಪನ ಹಳೇ ಸ್ಪ್ಲೆಂಡರ್ ಹತ್ತಿ ಸಾಗರ ಪೇಟೆಗೆ ಹೋಗಿ ವಾಪಸ್ ಬರುವಾಗ, ಅರ್ಧ ದಾರಿಯಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತೇಹೋಯಿತು. ಕಿಕ್ ಹೊಡೆದೆ, ಹೊಡೆದೆ... ಊಹೂಂ. ಪೆಟ್ರೋಲ್ ಖಾಲಿ ಅಂತ ತೀರ್ಮಾನಿಸಿ ತಳ್ಳಲು ಶುರು ಮಾಡಿದೆ. ಮಧ್ಯಾಹ್ನದ ಬಿಸಿಲು, ಏರು ದಾರಿ. ಸುಮಾರು ಎರಡು ಕಿಲೋಮೀಟರ್ ತಳ್ಳಿದ ಮೇಲೆ ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆ ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಅಜ್ಜ ನಿಲ್ಲಿಸಿ ಕೇಳಿದರು.

"ಎಂತ ಆಯ್ತೋ ತಮ್ಮ?"

"ಪೆಟ್ರೋಲ್ ಖಾಲಿ ಅಜ್ಜ."

"ರಿಸರ್ವಿಗೆ ಹಾಕಿ ನೋಡಿದ್ಯಾ?"

ನಾನು ಬಾಯಿ ಬಿಟ್ಟು ನೋಡಿದೆ. ಅವರು ಬಗ್ಗಿ ಟ್ಯಾಂಕಿನ ಕೆಳಗಿದ್ದ ನಾಬ್ ತಿರುಗಿಸಿದರು. ಎರಡು ಕಿಕ್ಕಿಗೆ ಗಾಡಿ ಸ್ಟಾರ್ಟ್. ಹೊರಡುವ ಮುಂಚೆ "ಎಂತ ಓದ್ತಿದ್ದಿ?" ಅಂತ ಕೇಳಿದರು. "ಇಂಜಿನಿಯರಿಂಗ್" ಅಂದೆ. ಅಜ್ಜ ಏನೂ ಹೇಳಲಿಲ್ಲ, ಸುಮ್ಮನೆ ನಕ್ಕು ಹೋದರು. ಆ ನಗು ಇವತ್ತಿಗೂ ಮರೆತಿಲ್ಲ.

ಹಳೇ ಬೈಕ್ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಟ್ಯಾಂಕ್ ಒಂದೇ, ಆದರೆ ಪೆಟ್ರೋಲ್ ಎಳೆಯುವ ದಾರಿ ಎರಡು. ಒಂದು ಕೊಳವೆ ಸ್ವಲ್ಪ ಎತ್ತರದಿಂದ ಎಳೆಯುತ್ತದೆ, ಇನ್ನೊಂದು ತಳದಿಂದ. ಮಟ್ಟ ಎತ್ತರದ ಕೊಳವೆಗಿಂತ ಕೆಳಗಿಳಿದರೆ ಇಂಜಿನ್ ನಿಲ್ಲುತ್ತದೆ. ತಳದಲ್ಲಿ ಇನ್ನೂ ಪೆಟ್ರೋಲ್ ಇದೆ. ಆದರೆ ಅದು ಇಂಜಿನ್ನಿಗೆ ಹೋಗಬೇಕಾದರೆ ನೀವೇ ಕೈ ಹಾಕಿ ನಾಬ್ ತಿರುಗಿಸಬೇಕು. ಟ್ಯಾಂಕಿನಲ್ಲಿ ಇರುವುದೇ ಬೇರೆ, ಇಂಜಿನ್ನಿಗೆ ಸಿಗುವುದೇ ಬೇರೆ.

ಈಗ ಸ್ಕಾಟ್ಲೆಂಡಿಗೆ ಹೋಗೋಣ.

2013ರ ನವೆಂಬರ್ 29, ಶುಕ್ರವಾರ ರಾತ್ರಿ. ಗ್ಲಾಸ್ಗೋ ನಗರದಲ್ಲಿ ಕ್ಲೈಡ್ ನದಿಯ ದಡದಲ್ಲಿರುವ ಕ್ಲೂತಾ ಎಂಬ ಪಬ್ಬಿನಲ್ಲಿ ನೂರರಷ್ಟು ಜನ ಸಂಗೀತ ಕೇಳುತ್ತಿದ್ದರು. ರಾತ್ರಿ 10 ಗಂಟೆ 22 ನಿಮಿಷಕ್ಕೆ ಸೂರಿನ ಮೇಲೆ ಪೊಲೀಸ್ ಹೆಲಿಕಾಪ್ಟರ್ ಬಂದು ಬಿತ್ತು. ಒಳಗಿದ್ದ ಪೈಲಟ್ ಮತ್ತು ಇಬ್ಬರು ಪೊಲೀಸರು, ಪಬ್ಬಿನಲ್ಲಿದ್ದ ಏಳು ಜನ, ಒಟ್ಟು ಹತ್ತು ಮಂದಿ ಸತ್ತರು. ಬೆಂಕಿ ಹತ್ತಲಿಲ್ಲ, ಸ್ಫೋಟ ಆಗಲಿಲ್ಲ. ಎರಡು ಇಂಜಿನ್ನಿನ ಯೂರೋಕಾಪ್ಟರ್ ಇಸಿ135, ಎರಡೂ ಇಂಜಿನ್ ಗಾಳಿಯಲ್ಲೇ ಆರಿಹೋಗಿದ್ದವು.

ಬ್ರಿಟನ್ನಿನ ವಾಯು ಅಪಘಾತ ತನಿಖಾ ವಿಭಾಗ ಅವಶೇಷ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಇದು: ಮುಖ್ಯ ಟ್ಯಾಂಕಿನಲ್ಲಿ 76 ಕೆಜಿ ಇಂಧನ ಇತ್ತು. ಆದರೆ ಇಂಜಿನ್ನುಗಳಿಗೆ ನೇರವಾಗಿ ಉಣಿಸುವ ಎರಡು ಸಣ್ಣ ಟ್ಯಾಂಕುಗಳಲ್ಲಿ ಒಂದು ಪೂರ್ತಿ ಖಾಲಿ, ಇನ್ನೊಂದರಲ್ಲಿ ಅರ್ಧ ಕೆಜಿಯೂ ಇರಲಿಲ್ಲ.

ನಾನು ಒಂದು ಸರಳ ಲೆಕ್ಕ ಹಾಕಿದೆ. ಅವರು 400 ಕೆಜಿ ಇಂಧನದೊಂದಿಗೆ 8 ಗಂಟೆ 44 ನಿಮಿಷಕ್ಕೆ ಹೊರಟಿದ್ದರು. 98 ನಿಮಿಷದಲ್ಲಿ 324 ಕೆಜಿ ಉರಿದಿದೆ, ನಿಮಿಷಕ್ಕೆ ಮೂರು ಕೆಜಿ ಚಿಲ್ಲರೆ. ಹಾಗಾದರೆ ಉಳಿದ 76 ಕೆಜಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಿನ ಹಾರಾಟಕ್ಕೆ ಆಗುತ್ತಿತ್ತು. ಅವರು ಮರಳುತ್ತಿದ್ದ ಹೆಲಿಪೋರ್ಟ್ ಅದೇ ಊರಿನಲ್ಲಿ, ಅದೇ ನದಿಯ ದಡದಲ್ಲಿ ಇತ್ತು.

ಟ್ಯಾಂಕಿನಲ್ಲಿ ಇತ್ತು. ಇಂಜಿನ್ನಿಗೆ ಸಿಗಲಿಲ್ಲ.

ಇದು ಹೇಗಾಯಿತು ಅಂತ ಅರ್ಥವಾಗಲು ಆ ಹೆಲಿಕಾಪ್ಟರಿನ ಇಂಧನ ವ್ಯವಸ್ಥೆ ಸ್ವಲ್ಪ ನೋಡಬೇಕು. ಮುಖ್ಯ ಟ್ಯಾಂಕಿನಲ್ಲಿ ಮುಂದೊಂದು, ಹಿಂದೊಂದು ಪಂಪ್. ಇವು ಇಂಧನವನ್ನು ಸಣ್ಣ ಟ್ಯಾಂಕುಗಳಿಗೆ ಎತ್ತಿ ಹಾಕುತ್ತಲೇ ಇರುತ್ತವೆ, ಹೆಚ್ಚಾದದ್ದು ಉಕ್ಕಿ ಮತ್ತೆ ಮುಖ್ಯ ಟ್ಯಾಂಕಿಗೇ ಬೀಳುತ್ತದೆ. ನಮ್ಮ ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಿದ ಹಾಗೆ. ಸಣ್ಣ ಟ್ಯಾಂಕುಗಳಲ್ಲಿ ಒಂದು ತುಸು ದೊಡ್ಡದು. ಎರಡೂ ಇಂಜಿನ್ ಒಂದೇ ಕ್ಷಣಕ್ಕೆ ನಿಲ್ಲಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ.

ತೊಡಕು ಎಲ್ಲಿ ಅಂದರೆ, ಹೆಲಿಕಾಪ್ಟರ್ ಮುಂದಕ್ಕೆ ಹಾರುವಾಗ ಮೂಗು ಕೆಳಗಾಗುತ್ತದೆ, ಒಂದೇ ಕಡೆ ತೇಲುತ್ತಾ ನಿಂತಾಗ ಮೂಗು ಮೇಲಾಗುತ್ತದೆ. ಇಂಧನ ಕಡಿಮೆಯಾದಾಗ ಇದರಿಂದ ಒಂದು ಪಂಪ್ ಒಣಗುತ್ತದೆ. ಆಗ ಸೂಚನೆ ಬರುತ್ತದೆ, ಪೈಲಟ್ ಆ ಪಂಪ್ ಆಫ್ ಮಾಡುತ್ತಾನೆ. ಭಂಗಿ ಬದಲಾದಾಗ ಮತ್ತೆ ಆನ್ ಮಾಡಬೇಕು. ಪೊಲೀಸ್ ಹೆಲಿಕಾಪ್ಟರಿನ ಕೆಲಸವೇ ಸ್ವಲ್ಪ ಹಾರು, ಸ್ವಲ್ಪ ನಿಲ್ಲು, ಕೆಳಗೆ ಹುಡುಕು, ಮತ್ತೆ ಹಾರು. ಅವಶೇಷದಲ್ಲಿ ಈ ಎರಡೂ ಪಂಪುಗಳ ಸ್ವಿಚ್ ಆಫ್ ಆಗಿದ್ದವು. ಇಂಜಿನ್ ಸ್ಟಾರ್ಟ್ ಮಾಡುವಾಗ ಬಳಸುವ ಬೇರೆ ಎರಡು ಪಂಪುಗಳ ಸ್ವಿಚ್ ಆನ್ ಇದ್ದವು. ಪೈಲಟ್ ಹೊಸಬರೇನಲ್ಲ, ವಾಯುಪಡೆಯಿಂದ ಬಂದವರು, ಐದು ಸಾವಿರ ಗಂಟೆಗೂ ಮೇಲೆ ಹಾರಿದವರು.

ಇಲ್ಲಿಯವರೆಗೆ ಓದಿ "ಸ್ವಿಚ್ ಮರೆತರು, ಬಿದ್ದರು, ಅಷ್ಟೇ" ಅಂತ ನನಗೂ ಅನ್ನಿಸಿತ್ತು. ಆದರೆ ಮುಂದಿನ ಪುಟ ಓದಿದಾಗ ಮೈ ಜುಮ್ಮೆಂದಿತು.

ಸಣ್ಣ ಟ್ಯಾಂಕಿನಲ್ಲಿ ಇಂಧನ ಇಳಿದಾಗ ಕೆಂಪು ದೀಪ ಹೊತ್ತಿಕೊಂಡು ಗಂಟೆಯ ಸದ್ದು ಬರುತ್ತದೆ. ಆ ರಾತ್ರಿ ಅಂಥ ಎಚ್ಚರಿಕೆ ಐದು ಸಲ ಬಂದಿತ್ತು. ಐದೂ ಸಲ ಬಟನ್ ಒತ್ತಿ "ನೋಡಿದೆ" ಅಂತ ಒಪ್ಪಿಕೊಂಡದ್ದು ಹೆಲಿಕಾಪ್ಟರಿನ ಮೆಮೊರಿಯಲ್ಲಿ ದಾಖಲಾಗಿತ್ತು. ಆ ಎಚ್ಚರಿಕೆ ಬಂದರೆ 10 ನಿಮಿಷದೊಳಗೆ ಇಳಿಯಬೇಕು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿದೆ. ಅವರು ಇಳಿಯಲಿಲ್ಲ. ಕೊನೆಗೆ ಬಲಗಡೆ ಇಂಜಿನ್ ನಿಂತಿತು. 32 ಸೆಕೆಂಡಿನ ನಂತರ ಎಡಗಡೆಯದೂ ನಿಂತಿತು.

ಇಂಜಿನ್ ನಿಂತರೂ ಹೆಲಿಕಾಪ್ಟರ್ ಕಲ್ಲಿನಂತೆ ಬೀಳಬೇಕೆಂದಿಲ್ಲ. ಕೂಡಲೇ ರೆಕ್ಕೆಗಳ ಕೋನ ಇಳಿಸಿದರೆ, ಕೆಳಗಿನಿಂದ ನುಗ್ಗುವ ಗಾಳಿಗೇ ಅವು ತಿರುಗುತ್ತಿರುತ್ತವೆ, ನೆಲ ಹತ್ತಿರ ಬಂದಾಗ ಆ ವೇಗವನ್ನೇ ಬಳಸಿ ಮೆತ್ತಗೆ ಇಳಿಯಬಹುದು. ಆಟೋರೊಟೇಶನ್ ಅಂತಾರೆ. ಆದರೆ ರಾತ್ರಿ, ನಗರದ ಮೇಲೆ, ಕೆಲವೇ ಸೆಕೆಂಡುಗಳಲ್ಲಿ... ನೆಲ ಎಷ್ಟು ದೂರ ಅಂತ ಹೇಳುವ ರೇಡಿಯೋ ಆಲ್ಟಿಮೀಟರಿಗೂ, ದಿಕ್ಕು ತಿರುಗಿಸಬಲ್ಲ ದೀಪಕ್ಕೂ ಕರೆಂಟ್ ಇರಲಿಲ್ಲ. ಅದಕ್ಕೆ ಇನ್ನೊಂದು ಸ್ವಿಚ್ ಹಾಕಬೇಕಿತ್ತು. ಬಡಿದಾಗ ರೆಕ್ಕೆಗಳು ತಿರುಗುತ್ತಲೇ ಇರಲಿಲ್ಲ.

2015ರಲ್ಲಿ ತನಿಖಾ ವರದಿ ಬಂತು. 2019ರಲ್ಲಿ ಸ್ಕಾಟ್ಲೆಂಡಿನ ನ್ಯಾಯಾಂಗ ವಿಚಾರಣೆಯೂ ಮುಗಿಯಿತು. ಎಚ್ಚರಿಕೆಗಳು ಸುಳ್ಳಿರಬಹುದು ಎಂದುಕೊಂಡು ಪೈಲಟ್ ಅದೃಷ್ಟ ನೋಡಿದರು, ಕೈಪಿಡಿಯಂತೆ ನಡೆದಿದ್ದರೆ ಈ ಅಪಘಾತ ಆಗುತ್ತಿರಲಿಲ್ಲ ಎನ್ನುವುದು ಅದರ ಸಾರ. ಎಲ್ಲವನ್ನೂ ಪೈಲಟ್ ತಲೆಗೆ ಕಟ್ಟಿದ್ದು ಸರಿಯಲ್ಲ ಅಂತ ಸತ್ತವರ ಮನೆಯವರಲ್ಲಿ ಕೆಲವರು ಬೇಸರಪಟ್ಟರು.

ನನಗೆ ಕಾಡಿದ ಪ್ರಶ್ನೆ ಒಂದೇ. ಅಷ್ಟು ಅನುಭವ ಇದ್ದವರು ಐದು ಸಲ ಗಂಟೆ ಬಾರಿಸಿದರೂ ಯಾಕೆ ಇಳಿಯಲಿಲ್ಲ?

ಒಂದು ಸಾಧ್ಯತೆ ಹೀಗಿದೆ. ಎಷ್ಟು ಇಂಧನ ಇದೆ ಅಂತ ಪರದೆಯ ಮೇಲೆ ತೋರಿಸುವುದಕ್ಕೆ ಒಂದು ಬಗೆಯ ಸೆನ್ಸರ್, ಕೆಂಪು ದೀಪಕ್ಕೆ ಬೇರೆಯೇ ಸೆನ್ಸರ್. ಮೊದಲನೆಯದು ಕೆಪಾಸಿಟನ್ಸ್ ಅಳೆಯುತ್ತದೆ. ಅದಕ್ಕೆ ನೀರು ಸೇರಿಕೊಂಡರೆ ಲೆಕ್ಕ ತಪ್ಪಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಯಾಕೆಂದರೆ ನೀರಿನ ಡೈಎಲೆಕ್ಟ್ರಿಕ್ ಮೌಲ್ಯ ಇಂಧನದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಗ್ಲಾಸ್ಗೋ ಅಪಘಾತವಾಗಿ ಎರಡೇ ವಾರಕ್ಕೆ ಅದೇ ಸಂಸ್ಥೆಯ ಇನ್ನೊಂದು ಇಸಿ135ರಲ್ಲಿ ಇಂಧನ ಸೂಚಕ ತಪ್ಪು ತೋರಿಸುವುದು ಕಂಡುಬಂದು, ಆ ಮಾದರಿಯ ಹೆಲಿಕಾಪ್ಟರುಗಳನ್ನು ಸ್ವಲ್ಪ ಕಾಲ ನೆಲದಲ್ಲೇ ನಿಲ್ಲಿಸಿದ್ದರು. ಆ ರಾತ್ರಿ ಪೈಲಟ್ ಕಣ್ಣೆದುರು ಏನಿತ್ತು ಎಂದು ಖಚಿತವಾಗಿ ತಿಳಿಸುವ ಫ್ಲೈಟ್ ರೆಕಾರ್ಡರ್ ಮಾತ್ರ ಅದರಲ್ಲಿ ಇರಲಿಲ್ಲ. ಅಷ್ಟು ಸಣ್ಣ ಹೆಲಿಕಾಪ್ಟರಿಗೆ ಕಾನೂನು ಅದನ್ನು ಕಡ್ಡಾಯ ಮಾಡಿರಲಿಲ್ಲ.

ಈಗ ನನ್ನ ಎಡವಟ್ಟಿಗೆ ಬರ್ತೀನಿ.

ನಮ್ಮಲ್ಲಿ ವಾರಕ್ಕೊಬ್ಬರಂತೆ ಸರ್ವರ್ ಕಾಯುವ ಪಾಳಿ ಇದೆ. ರಾತ್ರಿ ಏನಾದರೂ ಕೆಟ್ಟರೆ ಫೋನ್ ಬಡಿದುಕೊಳ್ಳುತ್ತದೆ. "ನೋಡಿದೆ" ಅನ್ನುವ ಬಟನ್ ಒತ್ತಿದರೆ ಸುಮ್ಮನಾಗುತ್ತದೆ. ಅವತ್ತು ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬುತ್ತಿದೆ ಅಂತ ಬಡಿದುಕೊಂಡಿತು. ಎದ್ದು ಡ್ಯಾಶ್‌ಬೋರ್ಡ್ ನೋಡಿದೆ, ಒಟ್ಟು ಜಾಗದಲ್ಲಿ ಶೇಕಡಾ 40 ಖಾಲಿ ಇದೆ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ಸುಳ್ಳು ಅಲಾರಂ ಅಂದುಕೊಂಡು ಬಟನ್ ಒತ್ತಿ ಮಲಗಿದೆ. ಮೂರು ಗಂಟೆಗೆ ಮತ್ತೆ. ಒತ್ತಿದೆ. ನಾಲ್ಕಕ್ಕೆ ಇನ್ನೊಮ್ಮೆ. ಕಣ್ಣನ್ನೂ ಬಿಡದೆ ಒತ್ತಿದೆ. ಬೆಳಗ್ಗೆ ಏಳಕ್ಕೆ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸಿತ್ತು. ಒಟ್ಟು ಜಾಗ ಇತ್ತು, ನಿಜ. ಆದರೆ ಡೇಟಾಬೇಸ್ ಬರೆಯುವ ಸಣ್ಣ ಪಾರ್ಟಿಶನ್ ತುಂಬಿಹೋಗಿತ್ತು. ಅರ್ಧ ದಿನದ ಕೆಲಸ ಹಾಳು, ಗ್ರಾಹಕರಿಂದ ಬೈಗುಳ, ಮ್ಯಾನೇಜರ್ ಮುಂದೆ ತಲೆ ತಗ್ಗಿಸಿ ಕೂತಿದ್ದು...

ಮತ್ತೆ ಅದೇ ಕತೆ. ಟ್ಯಾಂಕಿನಲ್ಲಿ ಇತ್ತು, ಇಂಜಿನ್ನಿಗೆ ಸಿಗಲಿಲ್ಲ. ಯಾರೂ ಸಾಯಲಿಲ್ಲ, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸ ನನ್ನ ಜಾಣತನದಿಂದ ಬಂದದ್ದಲ್ಲ, ನನ್ನ ಕೆಲಸ ನೆಲದ ಮೇಲಿದೆ ಅಷ್ಟೇ.

ಆ ಮೂರು ಸಲ ನನ್ನ ತಲೆಯೊಳಗೆ ಏನಾಯಿತು ಅಂತ ಪ್ರಾಮಾಣಿಕವಾಗಿ ನೆನಪಿಸಿಕೊಂಡೆ. ಇಬ್ಬರು ಸಾಕ್ಷಿಗಳಿದ್ದರು. ಒಬ್ಬ "ತೊಂದರೆ ಇದೆ" ಅಂದ, ಇನ್ನೊಬ್ಬ "ಎಲ್ಲ ಸರಿಯಿದೆ, ಮಲಗು" ಅಂದ. ಯಾರು ನಂಬಿಕಸ್ಥ ಅಂತ ನಾನು ಯೋಚಿಸಲೇ ಇಲ್ಲ. ನನಗೆ ಇಷ್ಟವಾದದ್ದು ಹೇಳಿದವನನ್ನು ನಂಬಿದೆ. ಇದಕ್ಕೆ ಅನುಭವ ಸಾಲದು ಅನ್ನುವ ಹಾಗಿಲ್ಲ. ಅನುಭವ ಜಾಸ್ತಿಯಾದಷ್ಟೂ "ಇಂಥದ್ದು ಎಷ್ಟು ನೋಡಿಲ್ಲ" ಅನ್ನುವ ಧೈರ್ಯವೂ ಜಾಸ್ತಿ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಎರಡು ಸೂಚಕಗಳು ಬೇರೆ ಬೇರೆ ಹೇಳಿದಾಗ, ಕೆಟ್ಟ ಸುದ್ದಿ ಹೇಳುವುದನ್ನೇ ನಂಬಬೇಕು. ಅದಕ್ಕಾಗಿಯೇ ಅದನ್ನು ಬೇರೆ ಸೆನ್ಸರಿನಿಂದ ಮಾಡಿರುತ್ತಾರೆ. ಒಂದು ಮೋಸ ಮಾಡಿದಾಗ ಇನ್ನೊಂದು ಕಾಪಾಡಲಿ ಅಂತ. ಕೆಂಪು ದೀಪ ಸುಳ್ಳಾಗಿದ್ದರೆ ನಷ್ಟ ಏನು? ಒಂದು ಮೈದಾನದಲ್ಲಿ ಇಳಿದು, ರಾತ್ರಿಯೆಲ್ಲ ಚಳಿಯಲ್ಲಿ ಕಾದು, ನಾಳೆ ಗೆಳೆಯರಿಂದ ತಮಾಷೆ ಮಾಡಿಸಿಕೊಳ್ಳುವುದು. ಗೇಜ್ ಸುಳ್ಳಾಗಿದ್ದರೆ ನಷ್ಟ ಏನು ಅಂತ ಕ್ಲೂತಾದ ಸೂರು ಹೇಳುತ್ತದೆ.

"ಪೈಲಟ್ ತಪ್ಪು, ಮುಗೀತು" ಅನ್ನುವವರ ಜೊತೆ ಮಾತ್ರ ನನಗೆ ಜಗಳ ಇದೆ. ಅದಕ್ಕೆ ಇನ್ನೊಂದು ಅಪಘಾತ ನೆನಪಿಸುತ್ತೇನೆ.

2011ರ ಆಗಸ್ಟ್ 26, ಅಮೆರಿಕದ ಮಿಸೌರಿ ರಾಜ್ಯ. ಒಂದು ಆಂಬ್ಯುಲೆನ್ಸ್ ಹೆಲಿಕಾಪ್ಟರ್ ರೋಗಿಯನ್ನು ಕರೆದೊಯ್ಯಲು ಒಂದು ಸಣ್ಣ ಊರಿನ ಆಸ್ಪತ್ರೆಗೆ ಬಂತು. ಇಂಧನ ತಾನು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಇದೆ ಅಂತ ಪೈಲಟ್‌ಗೆ ಗೊತ್ತಾದದ್ದು ಅಲ್ಲಿ. ಬೆಳಗ್ಗಿನ ತಪಾಸಣೆಯಲ್ಲಿ ಗೇಜ್ ಸರಿಯಾಗಿ ನೋಡಿರಲಿಲ್ಲ. ನಿಯಂತ್ರಣ ಕೇಂದ್ರಕ್ಕೆ ಫೋನ್ ಮಾಡಿ ಹೇಳಿದರು ಕೂಡ. ಆದರೆ ಅಲ್ಲೇ ನಿಂತು ಇಂಧನ ತರಿಸಿಕೊಳ್ಳಲಿಲ್ಲ. ದಾರಿಯಲ್ಲಿ ಮಾಸ್ಬಿ ಎಂಬಲ್ಲಿರುವ ವಿಮಾನ ನಿಲ್ದಾಣದಲ್ಲಿ ತುಂಬಿಸಿಕೊಳ್ಳೋಣ ಅಂತ ರೋಗಿಯನ್ನು ಹತ್ತಿಸಿಕೊಂಡು ಹೊರಟರು. ನಿಲ್ದಾಣ ಇನ್ನೇನು ಸ್ವಲ್ಪವೇ ದೂರ ಇರುವಾಗ ಇಂಧನ ಮುಗಿಯಿತು. ಪೈಲಟ್, ನರ್ಸ್, ಪ್ಯಾರಾಮೆಡಿಕ್, ರೋಗಿ, ನಾಲ್ವರೂ ಹೋದರು.

ಅವತ್ತು ಆ ಪೈಲಟ್ ಮೊಬೈಲಿನಲ್ಲಿ ವೈಯಕ್ತಿಕ ಮೆಸೇಜುಗಳಲ್ಲಿ ಮುಳುಗಿದ್ದರು. ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿಯಾಯಿತು. ಆದರೆ 2013ರಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಬೇರೆ ಕಾರಣಗಳನ್ನೂ ಪಟ್ಟಿ ಮಾಡಿತು. ಅದರಲ್ಲಿ ಪೈಲಟ್‌ನ ದಣಿವು ಒಂದು. ಇಂಧನದ ವಿಷಯದಲ್ಲಿ ಹೀಗೆ ಏರುಪೇರಾದರೆ ಹಾರಾಟದ ಮೇಲ್ವಿಚಾರಣೆ ಮಾಡುವ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕು ಎಂಬ ನಿಯಮ ಆ ಸಂಸ್ಥೆಯಲ್ಲಿ ಇಲ್ಲದೇ ಇದ್ದದ್ದು ಇನ್ನೊಂದು. ಅಂದರೆ, "ಬೇಡ, ನೀನು ಅಲ್ಲೇ ಇರು" ಅಂತ ಹೇಳುವ ಅಧಿಕಾರ ಇದ್ದವರ ಕಿವಿಗೆ ಮಾತು ಬೀಳುವ ದಾರಿಯೇ ಇರಲಿಲ್ಲ.

ಒಂದು ಕ್ಷಣ ಅವರ ಜಾಗದಲ್ಲಿ ನಿಂತು ನೋಡಿ. ಸ್ಟ್ರೆಚರಿನಲ್ಲಿ ರೋಗಿ. ಸುತ್ತ ಡಾಕ್ಟರು, ನರ್ಸು. "ನಾನು ಬೆಳಗ್ಗೆ ಇಂಧನ ನೋಡಲು ಮರೆತೆ, ಈಗ ಹೊರಡಲು ಆಗುವುದಿಲ್ಲ" ಅಂತ ಹೇಳಬೇಕು. ಅಷ್ಟು ಜನರ ಮುಂದೆ ನಾಚಿಕೆ. ಅದರ ಬದಲು ಹಾರಿಬಿಡುವುದು ಎಷ್ಟು ಸುಲಭ! ಅಮೆರಿಕದಲ್ಲಿ ಹಗಲು ಹೊತ್ತು ಸಾಮಾನ್ಯ ವಿಮಾನ 30 ನಿಮಿಷದ ಇಂಧನ ಉಳಿಸಿಕೊಂಡಿರಬೇಕಾದರೆ ಹೆಲಿಕಾಪ್ಟರಿಗೆ 20 ನಿಮಿಷ ಸಾಕು. ಎಲ್ಲಿ ಬೇಕಾದರೂ ಇಳಿಯಬಹುದಲ್ಲ ಅನ್ನುವುದು ಆ ಸಲುಗೆಯ ಹಿಂದಿರುವ ಯೋಚನೆ ಅಂತ ನನಗನ್ನಿಸುತ್ತದೆ. ಎಲ್ಲಿ ಬೇಕಾದರೂ ಇಳಿಯಬಲ್ಲ ಯಂತ್ರವನ್ನೇ, ಇಳಿಯಲು ಮನಸ್ಸಿಲ್ಲದೆ ಬೀಳಿಸಿಕೊಂಡಿದ್ದೇವೆ ಅನ್ನುವುದೇ ದುಃಖ.

ಆದ್ದರಿಂದ ಎಚ್ಚರಿಕೆ ಕೊಟ್ಟರೆ ಸಾಲದು ಅನ್ನುವುದು ನನ್ನ ಎರಡನೇ ಮಾತು. ಬಟನ್ ಒತ್ತಿದರೆ ಬಾಯಿ ಮುಚ್ಚುವ ಅಲಾರಂ ಅರ್ಧ ಅಲಾರಂ. ನಮ್ಮ ಹಳೇ ಬೈಕಿನ ನಾಬ್ ಇದಕ್ಕಿಂತ ಜಾಣ. ಅದು ದೀಪ ಹಚ್ಚುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಗಾಡಿಯನ್ನೇ ನಿಲ್ಲಿಸುತ್ತದೆ. ಕೈ ಹಾಕಿ ತಿರುಗಿಸದೆ ಮುಂದೆ ಹೋಗುವ ಹಾಗೇ ಇಲ್ಲ. ಹೆಲಿಕಾಪ್ಟರಿನಲ್ಲಿ ಹಾಗೆ ಇಂಜಿನ್ ನಿಲ್ಲಿಸಿ ಪಾಠ ಕಲಿಸಲು ಆಗುವುದಿಲ್ಲ, ಗೊತ್ತು. ಆದರೆ "ನೋಡಿದೆ" ಎಂದವನು ಮುಂದೆ ಏನು ಮಾಡಿದ ಅಂತ ಕೇಳುವ ಎರಡನೇ ದನಿ ಒಂದಿರಬೇಕು, ಅದು ಯಂತ್ರದ್ದಾಗಲಿ, ರೇಡಿಯೋದ ಆಚೆ ಕೂತ ಮನುಷ್ಯನದ್ದಾಗಲಿ. ಮತ್ತೆ, "ಇಳಿದುಬಿಟ್ಟೆ, ಸುಳ್ಳು ಅಲಾರಂ ಆಗಿತ್ತು" ಅಂತ ಬಂದು ಹೇಳಿದವನನ್ನು ನೋಡಿ ಯಾರೂ ನಗಬಾರದು. ಒಮ್ಮೆ ನಕ್ಕರೆ, ಮುಂದಿನ ಸಲ ಅವನು ಇಳಿಯುವುದಿಲ್ಲ.

ಅಂದಹಾಗೆ ಆ ನಾಬ್‌ಗೂ ಒಂದು ದೌರ್ಬಲ್ಯ ಇದೆ. ಬೈಕ್ ತಳ್ಳಿದ ಕತೆ ಹೇಳಿದಾಗ ಅಪ್ಪ ನಗಲಿಲ್ಲ. "ಪೆಟ್ರೋಲ್ ಹಾಕಿಸಿದ ಮೇಲೆ ನಾಬ್ ವಾಪಸ್ ತಿರುಗಿಸಿದ್ಯೇನೋ?" ಅಂತ ಮಾತ್ರ ಕೇಳಿದರು. ನಾನು ತಿರುಗಿಸಿರಲಿಲ್ಲ. "ರಿಸರ್ವಿನಲ್ಲೇ ಓಡಿಸ್ತಾ ಇದ್ರೆ ಮುಂದಿನ ಸಲ ನಿಂತಾಗ ನಿಜವಾಗ್ಲೂ ಖಾಲಿ ಆಗಿರುತ್ತೆ ನೋಡು" ಅಂದರು. ಯಾವ ಯಂತ್ರವಾದರೂ ನಮ್ಮ ಒಂದು ಸಣ್ಣ ಅಭ್ಯಾಸವನ್ನು ಕೇಳಿಯೇ ಕೇಳುತ್ತದೆ. ಅದನ್ನು ಕೊಡದೆ ಇದ್ದರೆ ಎಷ್ಟು ಜಾಣ ವಿನ್ಯಾಸವೂ ದಂಡ.

ಆಫೀಸಿನಲ್ಲಿ ಈಗ ಒಂದು ಬದಲಾವಣೆ ಮಾಡಿದ್ದೇವೆ. ಒಂದೇ ಅಲಾರಂ ಎರಡನೇ ಸಲ ಬಂದರೆ, ನೀವು ಬಟನ್ ಒತ್ತಿದ್ದರೂ ಇನ್ನೊಬ್ಬರ ಫೋನೂ ಬಡಿದುಕೊಳ್ಳುತ್ತದೆ. ಮೊದಲ ವಾರ ಎಲ್ಲರೂ ನನಗೆ ಶಾಪ ಹಾಕಿದರು. ಮೊನ್ನೆ ರಾತ್ರಿ ಮೂರಕ್ಕೆ ನನಗೂ ಬಂತು. ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇತ್ತು. ಎದ್ದು, ಮುಖ ತೊಳೆದು, ಸರ್ವರಿನೊಳಗೆ ಹೋಗಿ ನೋಡಿದೆ. ಏನೂ ಇರಲಿಲ್ಲ, ನಿಜಕ್ಕೂ ಸುಳ್ಳು ಅಲಾರಂ. ಮುಕ್ಕಾಲು ಗಂಟೆ ನಿದ್ದೆ ಹಾಳು. ಆಮೇಲೆ ಮಲಗಿದಾಗ ಮಾತ್ರ ಒಳ್ಳೇ ನಿದ್ದೆ ಬಂತು.

ನೀವೂ ಹೀಗೆ ಯಾವುದೋ ಕೆಂಪು ದೀಪಕ್ಕೆ "ನೋಡಿದೆ" ಅಂತ ಬಟನ್ ಒತ್ತಿ ಮಲಗಿದ್ದು ಇರಬಹುದು, ಗಾಡಿಯದ್ದೋ, ಆಫೀಸಿನದ್ದೋ, ನಿಮ್ಮದೇ ಮೈಯದ್ದೋ. ಇದ್ದರೆ ಬರೆಯಿರಿ, ನಾನು ನಗುವುದಿಲ್ಲ :-)